ಒಗೆದು ಒಗೆದು ಮೆತ್ತಗಾದ ಸೀರೆ

"ಇದು ಬೇಡ."

ಅಷ್ಟೇ ಹೇಳಿ ಅವನು ಆ ನೈಟಿಯನ್ನು ಅವಳ ಕೈಯಿಂದ ತೆಗೆದುಕೊಂಡುಬಿಟ್ಟ.

ಧನುಶ್ರೀಯ ಕಿವಿ ಬಿಸಿಯಾಯಿತು. ಸಕಲೇಶಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಆ ಜವಳಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. 'ಮುಂದೆ ಬಟನ್ ಇರೋ ನೈಟಿ ಕೊಡಿ.' ಯಸಳೂರಿನಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇದೊಂದು ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು. ಡಿಗ್ರಿ ಮುಗಿಸಿದ ಹುಡುಗಿಗೆ ಅಂಗಡಿಯಲ್ಲಿ ಬಾಯಿ ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಆದರೆ ಅವಳು ಇದ್ದದ್ದೇ ಹಾಗೆ.

"ಯಾಕೆ..."

"ಮಲಗಿರೋರಿಗೆ ತಾನೆ?"

ಅವಳು ಬೆಚ್ಚಿ ಅವನ ಮುಖ ನೋಡಿದಳು. ತೆಳ್ಳನೆಯ ಹುಡುಗ. ಕುತ್ತಿಗೆಯಲ್ಲಿ ಅಳತೆ ಟೇಪು. ನಿದ್ದೆ ಕೆಟ್ಟವರ ಕಣ್ಣು.

"ನಿಮಗೆ ಹೇಗೆ..."

"ನೀವು ಬಣ್ಣಾನೇ ನೋಡ್ಲಿಲ್ಲ. ಒಳಮಗ್ಗುಲು ತಿರುಗಿಸಿ ಬೆನ್ನಿನ ಹೊಲಿಗೆ ಮೇಲೆ ಕೈಯಾಡಿಸಿದ್ರಿ. ಓಡಾಡೋರಿಗೆ ತಗೊಳ್ಳೋರು ಯಾರೂ ಹಂಗೆ ನೋಡಲ್ಲ."

ಅವನು ಆ ನೈಟಿಯ ಅಂಚನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟ. ಬಟ್ಟೆ ಏನೂ ಆಗದಂತೆ ಬಿಚ್ಚಿಕೊಂಡಿತು.

"ಕಾಟನ್ ಅಂತ ಚೀಟಿ ಅಂಟಿಸವ್ರೆ ಅಷ್ಟೇ. ಕಾಟನ್ ಆಗಿದ್ರೆ ಮುದುರಿಕೊಂಡಿರೋದು." ಬಾಟಲಿಯಿಂದ ಒಂದು ಹನಿ ನೀರು ಬಿಟ್ಟ. ಹನಿ ಹೀರಿಕೊಳ್ಳದೆ ಮಣಿಯಂತೆ ಕುಳಿತಿತು. "ಬೆವರೂ ಹಿಂಗೇ ನಿಂತ್ಕೊಳ್ತದೆ. ಮೈಮೇಲೆ."

ಇನ್ನೊಂದನ್ನು ಬಿಚ್ಚಿ ಹೆಬ್ಬೆರಳಿನಲ್ಲಿ ಜೋರಾಗಿ ಉಜ್ಜಿದ. ಬಿಳಿ ಪುಡಿ ಉದುರಿತು. "ಇದು ಕಾಟನ್ನೇ. ಆದ್ರೆ ಬರೀ ಗಂಜಿ. ದಪ್ಪಗೈತೆ ಅಂತ ಜನ ತಗೋತಾರೆ. ಎರಡು ಸಲ ಒಗೆದ್ರೆ ಸೊಳ್ಳೆಪರದೆ."

ಪಕ್ಕದಲ್ಲಿ ಲಂಗ ಆರಿಸುತ್ತಿದ್ದ ಹೆಂಗಸು ನಕ್ಕಳು. "ಹಿಂಗ್ ಯಾಪಾರ ಮಾಡಿದ್ರೆ ಸಾವ್ಕಾರ್ರು ನಿನ್ನ ಮನೆಗ್ ಕಳಿಸ್ತಾರೆ ಕಣೋ."

"ಕಳಿಸಿದ್ರೆ ಸೀದಾ ನಿಮ್ಮನೆಗೇ ಬತ್ತೀನಿ ಬಿಡಕ್ಕ. ಊಟಕ್ಕೆ."

ಧನುಶ್ರೀ ನಗಲಿಲ್ಲ. ಅವಳ ಬಾಯಿಂದ, ಯಾರಿಗೂ ಹೇಳದಿದ್ದ ಮಾತು ತಾನಾಗಿ ಹೊರಬಂತು.

"ಅಮ್ಮಂಗೆ... ಲಕ್ವ ಹೊಡೆದಿದೆ. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣು."

ಅವನು ಬಟ್ಟೆ ಮಡಚುವುದನ್ನು ನಿಲ್ಲಿಸಿದ.

"ಹಂಗಾದ್ರೆ ಹೊಸಾದು ಯಾವುದೂ ಆಗಲ್ಲ. ಒಗೆದು ಒಗೆದು ಮೆತ್ತಗಾಗಿರಬೇಕು. ಅವರದ್ದೇ ಹಳೇ ಕಾಟನ್ ಸೀರೆ ಇಲ್ವಾ?"

"ಅಮ್ಮ ಉಡೋದೆಲ್ಲ ಸಿಂಥೆಟಿಕ್ಕು. ತೋಟದಲ್ಲಿ ನೆನೆದ್ರೂ ಬೇಗ ಒಣಗುತ್ತೆ ಅಂತ."

ಅವನು ನೈಟಿಗಳನ್ನೆಲ್ಲ ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ: "ಯಾವೂರು ನಿಮ್ದು? ಮನೆ ಎಲ್ಲಿ?"

---

ಅಂಗಡಿಗೆ ರಜೆ ಇದ್ದ ದಿನ ಆ ಹುಡುಗ, ಲೋಹಿತ್, ಒಂದು ಗಂಟು ಹೊತ್ತು ಬಂದ.

ಅವನು ಆಲೂರು ಕಡೆಯ ಕುಂದೂರಿನವನು. ಹಾಸನದಲ್ಲಿ ಓದುತ್ತಿದ್ದವನು ತಾಯಿಯ ಕಾಯಿಲೆಗೆಂದು ಊರಿಗೆ ಬಂದು, ಮತ್ತೆ ಹೋಗಲೇ ಇಲ್ಲ. ಈಗ ಸಕಲೇಶಪುರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದ. ಅಷ್ಟನ್ನು ಅವನೇ ಹೇಳಿದ.

ಗಂಟಿನಲ್ಲಿದ್ದದ್ದು ಹಳೆಯ ಸೀರೆಗಳನ್ನು ಕತ್ತರಿಸಿ ಹೊಲಿದ ನಿಲುವಂಗಿಗಳು. ಬೆನ್ನು ಪೂರ್ತಿ ತೆರೆದದ್ದು, ಪಕ್ಕದಲ್ಲಿ ಕಟ್ಟುವ ಲಾಡಿ. ಬಣ್ಣ ಎಂದೋ ಹೋಗಿತ್ತು. ಧನುಶ್ರೀ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಬಟ್ಟೆ ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ.

"ಇದು ಯಾರ ಸೀರೆ?"

"ಮನೇದು."

ಅವಳು ಮತ್ತೆ ಕೇಳಲಿಲ್ಲ. ಬದಲಿಗೆ ಒಳಗಿನ ಹೊಲಿಗೆಯನ್ನು ಬೆರಳಿನಲ್ಲಿ ತಡವಿ, ತಗ್ಗಿದ ದನಿಯಲ್ಲಿ ಅಂದಳು: "ಈ ಹೊಲಿಗೆ ಹೊರಮಗ್ಗುಲಿಗೆ ಬಂದ್ರೆ... ಅಮ್ಮಂಗೆ ಒತ್ತಲ್ಲ ಅಲ್ವಾ?"

ಲೋಹಿತ್ ಅಂಗಿಯನ್ನೂ ಅವಳನ್ನೂ ನೋಡಿದ. "ಎರಡು ವರ್ಷ ನಮ್ಮವ್ವನ್ನ ನೋಡ್ಕೊಂಡೆ. ನನ್ನ ತಲೆಗೆ ಇದು ಹೊಳೀಲೇ ಇಲ್ಲ ನೋಡಿ."

ಅವತ್ತು ಇಬ್ಬರೂ ಜಗಲಿಯಲ್ಲಿ ಕೂತು ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು. ಅವಳ ಅಪ್ಪ ಜವರಯ್ಯ ಮೆಣಸಿನ ಚೀಲದ ಮೇಲೆ ಕೂತು ನೋಡುತ್ತಿದ್ದರು. ಅಮ್ಮ ಸರೋಜಮ್ಮನನ್ನು ಮಗ್ಗುಲು ತಿರುಗಿಸಲು ಲೋಹಿತ್ ತಾನೂ ಕೈ ಹಾಕಿದಾಗ, ಅವರು ತಲೆ ತಗ್ಗಿಸಿ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಸರೋಜಮ್ಮನ ಎಡಗೈ ಒಂದೇ ಆಡುತ್ತಿತ್ತು. ಆ ಕೈ ಬಟ್ಟೆಯ ಮೇಲೆ ನಿಧಾನವಾಗಿ ಓಡಾಡಿತು.

"ತಣ್... ತಣ್ಣಗೈತೆ."

ಅಮ್ಮನ ಬಾಯಿಂದ ಒಂದು ಪೂರ್ತಿ ಮಾತು ಬಂದು ಎಷ್ಟು ಕಾಲವಾಗಿತ್ತೋ! ಧನುಶ್ರೀ ಗೋಡೆಗೆ ಮುಖ ತಿರುಗಿಸಿ ಅತ್ತಳು.

ಆಮೇಲೆ ರಜೆ ಇದ್ದಾಗಲೆಲ್ಲ ಅವನು ಬರತೊಡಗಿದ. ಬಂದಾಗ ಅವಳು ಕಾಫಿ ಕೊಡುವಳು. ಅವನು ಲೋಟ ತೊಳೆದಿಟ್ಟು ಹೋಗುವನು.

"ಅಂಗಡೀಲಿ ನೋಡಿದಾಗ ನೀವು ಮಾತೇ ಆಡಲ್ಲ ಅನ್ಕೊಂಡಿದ್ದೆ," ಅಂದ ಒಂದು ದಿನ.

"ಈಗಲೂ ಆಡಲ್ಲ."

"ನಾನು ಬಂದಾಗಿಂದ ಆಡ್ತಾನೇ ಇದೀರ ಕಣ್ರೀ."

'ಹೌದಲ್ಲ...' ಅಂದುಕೊಂಡಳು. ಅವನು ಹೋದ ಮೇಲೂ ಮನೆಯಲ್ಲಿ ಅವನ ಜೊತೆ ಮಾತಾಡುತ್ತಲೇ ಇರುತ್ತಿದ್ದಳು, ಮನಸ್ಸಿನೊಳಗೆ.

---

ದೊಡ್ಡವ್ವ ಮಾದಮ್ಮ ಬಂದದ್ದು ಬಿಸಿಲು ನೆತ್ತಿ ಸುಡುವ ಒಂದು ಮಧ್ಯಾಹ್ನ. ಸರೋಜಮ್ಮನ ಅಕ್ಕ. ಕುಂದೂರಿಗೆ ಕೊಟ್ಟಿದ್ದು. ತಂಗಿಯ ಹಾಸಿಗೆಯ ಪಕ್ಕ ಕೂತವಳು ಅವಳ ಮೈಮೇಲಿನ ಬಟ್ಟೆಯ ಅಂಚನ್ನು ಹಿಡಿದು ನೋಡಿದಳು. ಆಗಲೇ ಲೋಹಿತ್ ಒಳಗೆ ಬಂದ.

"ನೀನು ಭೂತಮ್ಮನ ಮಗ ಅಲ್ವೇನೋ?"

"ಹೂಂ ದೊಡ್ಡವ್ವ."

"ಅವಳು ಹೋಗಿ ವರ್ಷ ಕಳೀತು."

"ಹೂಂ."

"ಈ ಅಂಚು ನಾನು ನೋಡಿದೀನಿ. ಇದು ಅವಳ ಸೀರೆ."

ಅವನು ಸುಳ್ಳು ಹೇಳಲಿಲ್ಲ. "ಹೌದು."

ಮಾದಮ್ಮನ ದನಿ ನಡುಗಿತು. "ಸತ್ತೋರ ಬಟ್ಟೇನ ಹೊಳೇಗ್ ಬುಡ್ತಾರೆ, ಇಲ್ಲ ಸುಟ್ಟಾಕ್ತಾರೆ. ಉಸಿರಾಡ್ತಿರೋಳ ಮೈಗೆ ಯಾರಾದ್ರೂ ಹಾಕ್ತಾರೇನೋ? ನನ್ನ ತಂಗೀನೂ ಕರ್ಕೊಂಡೋಗು ಅಂತ ನಿಮ್ಮವ್ವಂಗೆ ದಾರಿ ತೋರಿಸ್ತಿದೀಯಾ?"

ಲೋಹಿತ್ ಧನುಶ್ರೀಯ ಕಡೆ ನೋಡಿದ. ಒಂದೇ ಒಂದು ಮಾತು ಸಾಕಿತ್ತು ಅವನಿಗೆ.

'ಮನೇದು ಅಂದ್ರಲ್ಲ... ಸತ್ತವರದ್ದು ಅಂತ ಯಾಕೆ ಹೇಳಲಿಲ್ಲ? ಅಮ್ಮಂಗೆ ಏನಾದ್ರೂ ಆದ್ರೆ?'

ಅವಳು ನೆಲ ನೋಡುತ್ತ ನಿಂತಳು. ತಲೆಯೆತ್ತುವಷ್ಟರಲ್ಲಿ ಬಾಗಿಲಲ್ಲಿ ಅವನಿರಲಿಲ್ಲ.

ಮಾದಮ್ಮ ಅಂಗಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದಳು. ಹಳೆಯ ಹತ್ತಿ, ಕಾಗದದ ಹಾಗೆ ಉರಿದುಹೋಯಿತು. ಉಳಿದದ್ದು ಊದಿದರೆ ಹಾರುವ ಬೂದಿ.

---

ದೊಡ್ಡವ್ವ ತರಿಸಿದ ಹೊಸ ನೈಟಿಗಳು ಥಳಥಳ ಹೊಳೆಯುತ್ತಿದ್ದವು. ತಂಗಿ ಚೆನ್ನಾಗಿ ಕಾಣಲಿ ಎಂಬ ಆಸೆ ಅವಳದು. ಅದರಲ್ಲಿ ಮೋಸವಿರಲಿಲ್ಲ.

ಆದರೆ ಬೇಸಿಗೆ. ಕರೆಂಟು ಹೋಗಿ ಫ್ಯಾನು ನಿಂತರೆ ಸರೋಜಮ್ಮನ ಎಡಗೈ ಕುತ್ತಿಗೆಯ ಹತ್ತಿರದ ಬಟ್ಟೆಯನ್ನು ಜಗ್ಗತೊಡಗುತ್ತಿತ್ತು. ಜಗ್ಗಿ ಜಗ್ಗಿ ಸೋತು ಬೀಳುತ್ತಿತ್ತು. ಮತ್ತೆ ಜಗ್ಗುತ್ತಿತ್ತು.

ಜ್ವರ ಬಂತು. ಗಾಯಕ್ಕೆ ಔಷಧಿ ಹಚ್ಚಲು ಬರುತ್ತಿದ್ದ ನರ್ಸ್ ಬಟ್ಟೆ ಎತ್ತಲು ಹೋದಾಗ ಅದು ಹುಣ್ಣಿಗೆ ಅಂಟಿಕೊಂಡಿತ್ತು. ಸರೋಜಮ್ಮ ಕೂಗಿದ್ದು ರಸ್ತೆಯವರೆಗೂ ಕೇಳಿಸಿತು.

ನರ್ಸ್ ಧನುಶ್ರೀಯನ್ನು ಹೊರಗೆ ಕರೆದಳು. "ನಂಜು ರಕ್ತಕ್ಕೆ ಸೇರಿದೆಯಮ್ಮ. ಆಸ್ಪತ್ರೆಯವರೂ ಮನೇಲೇ ಇಟ್ಕೊಳ್ಳಿ ಅಂದ್ರಲ್ಲ. ಇನ್ನು ನೋವಾಗದ ಹಾಗೆ ನೋಡ್ಕೊಳ್ಳಿ, ಅಷ್ಟೇ."

"ಬಟ್ಟೆ ಬದಲಾಯಿಸಿದ್ದಕ್ಕೆ ಹೀಗಾಯ್ತಾ?"

"ಇಲ್ಲ. ಗಾಯ ಮೊದಲೇ ತುಂಬಾ ಆಳಕ್ಕೆ ಇಳಿದಿತ್ತು. ಯಾವ ಬಟ್ಟೇನೂ ವಾಸಿ ಮಾಡ್ತಿರಲಿಲ್ಲ. ಆದ್ರೆ ಇದನ್ನ ಹಾಕಿದ್ರೆ ಅವರಿಗೆ ಉರೀತದೆ. ಅದು ನಿಜ."

ಒಳಗೆ ಬಂದಾಗ ಅಮ್ಮ ಅವಳನ್ನೇ ನೋಡುತ್ತಿದ್ದರು.

"ಆ... ಸೀರೆ..."

ಧನುಶ್ರೀ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದಳು.

ಅಂಗಡಿಯಲ್ಲಿ ಅವತ್ತೂ ಜನ ತುಂಬಿತ್ತು. ಈ ಸಲ ಅವಳು ಯಾವ ವಾಕ್ಯವನ್ನೂ ಜೋಡಿಸಿಕೊಂಡು ಬಂದಿರಲಿಲ್ಲ.

"ನಿಮ್ಮಮ್ಮನ ಸೀರೆ ಇನ್ನೂ ಇದ್ಯಾ?"

ಲೋಹಿತ್ ತಲೆಯೆತ್ತಲಿಲ್ಲ. "ಕೊಟ್ಟಿದ್ದನ್ನ ಸುಟ್ಟುಬುಟ್ರಂತಲ್ಲ."

"ಹೌದು. ನಾನು ನೋಡ್ತಾ ನಿಂತಿದ್ದೆ."

ಗಿರಾಕಿಗಳ ಮಾತು ನಿಂತಿತು. ಅವಳು ನಿಲ್ಲಿಸಲಿಲ್ಲ. "ಅವತ್ತು ನೀವು ನನ್ನ ಕಡೆ ನೋಡಿದ್ರಿ. ನಾನು ಬಾಯಿ ಬಿಡಲಿಲ್ಲ. ನಿಮ್ಮನ್ನ ಅಷ್ಟು ನಂಬಿದ್ದೆ... ನೀವು ಮುಚ್ಚಿಟ್ರಿ ಅಂತ ಗೊತ್ತಾದಾಗ ಭಯ ಆಯ್ತು."

"ಹೇಳಿದ್ರೆ ನೀವು ತಗೋತಿರಲಿಲ್ಲ."

"ತಗೋತಿರಲಿಲ್ಲವೇನೋ. ಆದ್ರೂ ಹೇಳಬೇಕಿತ್ತು."

ಅವನು ಬಹಳ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಹಂಗಾದ್ರೆ ಈಗ ಹೇಳ್ತೀನಿ, ಕೇಳಿ. ಒಂದೇ ಒಂದು ಐತೆ. ಅದನ್ನ ಕತ್ತರಿಸೋಕೆ ನನಗೆ ಕೈ ಬರಲಿಲ್ಲ. ಅವ್ವ ಪ್ರಾಣ ಬಿಟ್ಟಿದ್ದೇ ಅದನ್ನ ಹೊದ್ಕೊಂಡು."

ಧನುಶ್ರೀ ಕಣ್ಣು ಮುಚ್ಚಿ ತೆರೆದಳು.

"ಅವರು ಹೋಗುವಾಗ... ನೋವಿತ್ತಾ?"

"ಇರ್ಲಿಲ್ಲ."

"ಕೊಡಿ ಹಾಗಾದ್ರೆ."

---

ಅವನ ಕೋಣೆಯಿಂದ ಆ ಸೀರೆ ತೆಗೆದುಕೊಂಡು ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಮಾದಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅದು ಒಳಕ್ ಬಂದ್ರೆ ನಾನು ಹೊರಕ್ ಹೋಯ್ತೀನಿ."

"ದೊಡ್ಡವ್ವ, ಅಮ್ಮ ಹೋಗ್ತಾರೆ." ತನ್ನ ದನಿ ಇಷ್ಟು ಗಟ್ಟಿಯಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಯಾವ ಬಟ್ಟೆ ಹಾಕಿದ್ರೂ ಹೋಗ್ತಾರೆ. ನರ್ಸ್ ಹೇಳಿದಾರೆ. ಉರಿ ಇಲ್ಲದೆ ಹೋಗ್ಲಿ. ಅಷ್ಟು ಮಾಡೋಣ ಅವರಿಗೆ."

ಅಂಗಳದಲ್ಲಿ ಕೂತಿದ್ದ ಜವರಯ್ಯ ಎದ್ದು ಬಂದರು. "ಬುಡಕ್ಕ. ದಾರಿ ಬುಡು."

ಮಾದಮ್ಮ ದಾರಿ ಬಿಟ್ಟಳು. ಬಿಟ್ಟು, ಅಲ್ಲೇ ಗೋಡೆಗೊರಗಿ ಕುಸಿದಳು.

ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ ನೈಟಿಯನ್ನು ಗಾಯದಿಂದ ಬಿಡಿಸಿದರು. ಅಂಟಿದ ನೈಟಿಯನ್ನು ಕತ್ತರಿಸುತ್ತಿದ್ದ ಧನುಶ್ರೀಯ ಕೈ ಅರ್ಧದಲ್ಲೇ ನಿಂತಾಗ ಲೋಹಿತ್ ಆ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟ. ಸೀರೆಯನ್ನು ಕತ್ತರಿಸಲಿಲ್ಲ, ಹೊಲಿಯಲಿಲ್ಲ. ಅರ್ಧ ಹಾಸಿ ಅರ್ಧ ಹೊದಿಸಿದರು.

ಸರೋಜಮ್ಮನ ಎಡಗೈ ಬಟ್ಟೆಯನ್ನು ತಡವಿತು. ಜಗ್ಗಲಿಲ್ಲ. ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ವಾರ ತುಂಬುವ ಮೊದಲೇ, ಒಂದು ಬೆಳಿಗ್ಗೆ, ಅದೇ ಸೀರೆಯಲ್ಲಿ ಅವರ ಉಸಿರು ನಿಂತಿತು.

"ಭೂತಮ್ಮ ಕರ್ಕೊಂಡೇ ಹೋದ್ಲಲ್ಲ..." ಹೆಣದ ಮುಂದೆ ಮಾದಮ್ಮ ಎದೆ ಬಡಿದುಕೊಂಡು ಅತ್ತಳು. ಚಟ್ಟಕ್ಕೆ ಹೆಗಲು ಕೊಡಲು ಬಂದಿದ್ದ ಲೋಹಿತ್ ಅದನ್ನು ಕೇಳಿದ. ಹೆಗಲು ಕೊಟ್ಟ. ಮಣ್ಣು ಹಾಕಿದ. ಆಮೇಲೆ ಬರಲೇ ಇಲ್ಲ. ಫೋನೂ ಎತ್ತಲಿಲ್ಲ.

---

ತಿಥಿಯ ದಿನ ಮನೆ ತುಂಬ ನೆಂಟರು. ಅಂಗಳದಿಂದ ಧನುಶ್ರೀಗೆ ರಸ್ತೆ ಕಾಣುತ್ತಿತ್ತು. ಸಕಲೇಶಪುರದ ಬಸ್ಸು ನಿಂತು ಹೋದ ಮೇಲೆ, ಅಲ್ಲಿನ ಕಲ್ಲುಬೆಂಚಿನ ಮೇಲೆ ಒಬ್ಬನೇ ಕೂತಿದ್ದ ಅವನು. ಎದ್ದು ಬರಲಿಲ್ಲ.

ಅವಳು ಅಷ್ಟು ಜನರ ಮಧ್ಯದಿಂದ ನಡೆದು ರಸ್ತೆಗೆ ಬಂದಳು. ಹಿಂದೆ ಯಾರೋ ಏನೋ ಅಂದರು. ತಿರುಗಿ ನೋಡಲಿಲ್ಲ.

"ಒಳಗೆ ಬನ್ನಿ."

"ಬ್ಯಾಡ. ನೋಡ್ಕೊಂಡು ಹೋಗಾಣ ಅಂತ ಬಂದೆ ಅಷ್ಟೇ." ಅವನ ದನಿ ಒಡೆದಿತ್ತು. "ನಿಮ್ಮ ದೊಡ್ಡವ್ವ ಅಂದಿದ್ದು... ಒಂದೊಂದ್ಸಲ ನನಗೂ ಹಂಗೇ ಅನ್ನಿಸ್ತದೆ."

ಅವಳು ಅವನ ಪಕ್ಕ ಕೂತಳು.

"ಅಮ್ಮ ನಿದ್ದೆ ಮಾಡಿದ್ರು, ಲೋಹಿತ್. ಬಾಯಿ ತೆರ್ಕೊಂಡು, ಗೊರಕೆ ಹೊಡ್ಕೊಂಡು. ನಾನು ಪಕ್ಕದಲ್ಲೇ ಕೂತು ನೋಡಿದೆ. ಯಾರು ಏನೇ ಅಂದ್ರೂ ಅದು ಸುಳ್ಳಾಗಲ್ಲ."

ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ.

"ಆ ಸೀರೆ ಅಮ್ಮನ ಜೊತೇಲೇ ಹೋಯ್ತು," ಅಂದಳು. "ತವರಿನ ಹೊಸ ಸೀರೇನ ಮೇಲೆ ಹೊದಿಸಿದ್ರು. ಇದನ್ನ ತೆಗೆಯೋಕೆ ನಾನು ಬಿಡಲಿಲ್ಲ. ನಿಮ್ಮನ್ನ ಕೇಳಬೇಕಿತ್ತು."

"ಒಳ್ಳೇದಾಯ್ತು ಬಿಡಿ." ರಸ್ತೆ ನೋಡುತ್ತ ಅಂದ: "ಇನ್ನು ನನ್ನ ಹತ್ರ ಅವ್ವಂದು ಒಂದೂ ಇಲ್ಲ."

ಮೆಣಸಿನ ಮೂಟೆ ಹೇರಿದ ಜೀಪೊಂದು ಧೂಳೆಬ್ಬಿಸಿ ಹೋಯಿತು. ಅದು ಮರೆಯಾದ ಮೇಲೆ ಅವಳು ಕೇಳಿದಳು.

"ಹೊಸ ಸೀರೆ ಅಷ್ಟು ಮೆತ್ತಗಾಗೋಕೆ ಎಷ್ಟು ಕಾಲ ಬೇಕು?"

"ಬಟ್ಟೆ ಒಳ್ಳೇದಿದ್ದು, ಬಿಡದೆ ಉಟ್ಟು ಒಗೆದ್ರೆ... ಹತ್ತು ವರ್ಷ. ಹದಿನೈದೂ ಆಗಬಹುದು. ಯಾಕೆ?"

"ನನ್ನ ಹತ್ರ ಒಂದೂ ಕಾಟನ್ ಸೀರೆ ಇಲ್ಲ. ನೀವೇ ಆರಿಸಿಕೊಡಿ. ಈಗಿಂದಲೇ ಉಡೋಕೆ ಶುರು ಮಾಡ್ತೀನಿ."

ಅವನು ಅವಳ ಕಡೆ ತಿರುಗಿದ. "ಯಾರಿಗೋಸ್ಕರ?"

"ನಮ್ಮಿಬ್ರಲ್ಲಿ ಯಾರು ಮೊದಲು ಹಾಸಿಗೆ ಹಿಡೀತಾರೋ... ಅವರಿಗೆ."

ಅವಳ ಮಾತು ಅವನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವನು ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಈ ಸಲ ಬಿಡಲಿಲ್ಲ.

"ಹಂಗಾದ್ರೆ ಒಗೆಯೋದು ನಾನು."

"ಸರಿ. ಈಗ ಏಳಿ, ಎಲೆ ಹಾಕ್ತಿದಾರೆ."

"ನಿಮ್ಮ ದೊಡ್ಡವ್ವ..."

"ಬಡಿಸ್ತಿರೋದೇ ಅವರು. ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ."