ಮೊದಲ ಹಡಗಿನ ಕಾರು

ಷೋರೂಮಿನ ಗೋಡೆಯ ಮೇಲಿನ ಆ ದೊಡ್ಡ ಫೋಟೋದಲ್ಲಿ ಜಪಾನಪ್ಪನ ಕೈ ಇತ್ತು, ಜಪಾನಪ್ಪ ಇರಲಿಲ್ಲ. ಕಂಪನಿಯ ಕಾರುಗಳು ಈ ದೇಶಕ್ಕೆ ಮೊದಲ ಸಲ ಹಡಗಿನಲ್ಲಿ ಬಂದಿಳಿದಾಗ ತೆಗೆದ ಫೋಟೋ ಅದು. ಅಂದಿನ ಮೆಕ್ಯಾನಿಕ್ಕುಗಳೆಲ್ಲ ಒಂದು ಕಾರಿನ ಸುತ್ತ ನಿಂತು ನಕ್ಕಿದ್ದರು. ಅಂಚಿನಲ್ಲಿ ನಿಂತಿದ್ದ ಅವನನ್ನು ಚೌಕಟ್ಟು ಹಾಕಿದವನು ಕತ್ತರಿಸಿ ಎಸೆದಿದ್ದ. ಬಾನೆಟ್ಟಿನ ಮೇಲೆ ಊರಿದ ಬೆರಳುಗಳಷ್ಟೇ ಉಳಿದುಕೊಂಡಿದ್ದವು.

ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗೂ ಮರೆತಂತಿತ್ತು. ಆ ಒಂದು ಜಪಾನಿ ಕಂಪನಿಯ ಕಾರು ಬಿಟ್ಟು ಬೇರೆಯದನ್ನು ಮುಟ್ಟದ ಅವನನ್ನು ಜನ ಜಪಾನಪ್ಪ ಎಂದು ಕರೆದರು, ಅವನೂ ಓಗೊಟ್ಟ. ಕಂಪನಿಯ ಚರಿತ್ರೆಯನ್ನು ಸ್ವಂತ ಮನೆತನದ ಕತೆಯಂತೆ ಹೇಳುತ್ತಿದ್ದ. ನೀರೆತ್ತುವ ಪಂಪು ಮಾಡುತ್ತಿದ್ದ ಅಣ್ಣತಮ್ಮಂದಿರು ಯುದ್ಧದಲ್ಲಿ ಸುಟ್ಟುಹೋದ ಶೆಡ್ಡಿನಲ್ಲೇ ಮೊದಲ ಕಾರು ಕಟ್ಟಿದ್ದು, ಪರದೇಶದವರು ಅದನ್ನು ತಗಡಿನ ಡಬ್ಬಿ ಎಂದು ಆಡಿಕೊಂಡಿದ್ದು, ಬ್ರೇಕಿನ ಒಂದು ಸ್ಪ್ರಿಂಗು ಸಡಿಲವೆಂದು ಗೊತ್ತಾದಾಗ ಹಿರಿಯಣ್ಣ ಗಿರಾಕಿಗಳ ಮನೆಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿದ್ದು. "ಹಂಗೆ ತಲೆ ಬಗ್ಗಿಸಿದ್ದಕ್ಕೇ ಈಗ ತಲೆ ಎತ್ಕೊಂಡು ನಿಂತವ್ರೆ. ಈ ಕಾರು ಕೈಕೊಡಲ್ಲ ಅನ್ನೋ ಹೆಸರು ಸುಮ್ನೆ ಬಂದಿಲ್ಲ" ಎಂದು ಮಾತು ಮುಗಿಸುತ್ತಿದ್ದ.

ಕಾರು ಕೈಕೊಡಲಿಲ್ಲ, ಷೋರೂಮು ಕೈಕೊಟ್ಟಿತು. ಗಾಜಿನ ಹೊಸ ಕಟ್ಟಡ ಎದ್ದ ವರ್ಷ ಮ್ಯಾನೇಜರು ಕರೆದು, "ಯಜಮಾನ್ರೇ, ಈಗೆಲ್ಲ ಕಂಪ್ಯೂಟರೇ ನೋಡ್ತದೆ, ನೀವಿನ್ನು ಆರಾಮಾಗಿರಿ" ಎಂದ. ಬೀದಿಗೆ ಬಿದ್ದ ಅವನಿಗೆ ನೆರಳು ಕೊಟ್ಟವರು ಹಲ್ಲಿನ ಡಾಕ್ಟರು. ತಮ್ಮ ದವಾಖಾನೆಯ ಪಕ್ಕದ ಶೆಡ್ಡಿನಲ್ಲಿ ಅರ್ಧ ಬಿಟ್ಟುಕೊಟ್ಟು, ಬಾಡಿಗೆಯ ಮಾತೇ ಎತ್ತಲಿಲ್ಲ. ಉಳಿದರ್ಧದಲ್ಲಿ ಅವರ ಕಾರು ನಿಲ್ಲುತ್ತಿತ್ತು. ಡಾಕ್ಟರು ತೀರಿಕೊಂಡ ಮೇಲೂ ನಿಲ್ಲುತ್ತಿತ್ತು. ಅವರ ಹೆಂಡತಿ ಡಾಕ್ಟರಮ್ಮನಿಗೆ ಕಾರು ಓಡಿಸಲು ಬಾರದು. ಆದರೂ ಮಾರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಜಪಾನಪ್ಪನೇ ಅವರನ್ನು ಕೂರಿಸಿಕೊಂಡು ಊರು ಒಂದು ಸುತ್ತು ಹಾಕಿಸಿ ತರುತ್ತಿದ್ದ. ಕಾರಿನ ಉಸ್ತುವಾರಿಯೆಲ್ಲ ಅವನದೇ.

ಹೀಗಿರುವಾಗ ಪತ್ರಿಕೆಯಲ್ಲಿ ಆ ಪ್ರಕಟಣೆ ಬಂತು. ಕಂಪನಿ ತಾನು ಶುರುವಾದ ದಿನದ ನೆನಪಿನ ಹಬ್ಬಕ್ಕೆ ಮ್ಯೂಸಿಯಂ ಕಟ್ಟುತ್ತಿದೆ. ಈ ದೇಶಕ್ಕೆ ಮೊದಲ ಹಡಗಿನಲ್ಲಿ ಬಂದ ಕಾರುಗಳಲ್ಲಿ ಒಂದಾದರೂ ಉಳಿದಿದ್ದರೆ ಅದು ಬೇಕು. ಕೊಟ್ಟವರನ್ನು ಜಪಾನಿಗೆ ಕರೆಸಿಕೊಂಡು, ಕಾರಿನ ಕೆಳಗೆ ಹಿತ್ತಾಳೆಯ ಫಲಕದಲ್ಲಿ ಅವರ ಹೆಸರು ಕೆತ್ತಿಸಲಾಗುತ್ತದೆ.

ಜಪಾನಪ್ಪ ಪತ್ರಿಕೆ ಮಡಿಸಿ, ಶೆಡ್ಡಿನ ಆ ಅರ್ಧದ ಕಡೆ ನೋಡಿದ. ಕಾಲಡಿಯ ಮ್ಯಾಟು ಎತ್ತಿದರೆ ಅಲ್ಲಿ ಕಬ್ಬಿಣಕ್ಕೆ ಕೊರೆದ ನಂಬರು ಏನೆಂದು ಅವನಿಗೆ ಎಂದಿನಿಂದಲೋ ಗೊತ್ತಿತ್ತು. ಡಾಕ್ಟರಿಗೆ ಅದು ಬರೀ ಕಾರು. ಡಾಕ್ಟರಮ್ಮನಿಗೆ ಅದು ಡಾಕ್ಟರು. ಅದು ಮೊದಲ ಹಡಗಿನದೆಂದು ಬಲ್ಲವನು ಅವನೊಬ್ಬನೇ.

ಹೋಗಿ ಹೇಳಬಹುದಿತ್ತು. ಹೇಳಿದರೆ ಫಲಕದ ಮೇಲೆ ಡಾಕ್ಟರ ಹೆಸರು ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ಪೇಪರು ಓದಿದವರ ಹೆಸರು. ಮೈಯೆಲ್ಲ ಗ್ರೀಸು ಮಾಡಿಕೊಂಡು ಅದರ ಜೀವ ಹಿಡಿದಿಟ್ಟವನದಲ್ಲ. 'ಹೆತ್ತವಳಿಗಿಂತ ಸಾಕಿದವಳು ದೊಡ್ಡವಳು' ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡದ್ದು ಸಮಾಧಾನಕ್ಕೆ ಎಂಬುದೂ ಅವನಿಗೆ ತಿಳಿದಿತ್ತು.

ಉಪಾಯ ನಿಧಾನವಾಗಿ ಬೆಳೆಯಿತು. ಕದ್ದರೆ ಕಳುವಾಗಿದೆ ಎಂದು ಗೊತ್ತಾಗಬೇಕಲ್ಲ? ಗೊತ್ತಾಗದಂತೆ ಕದಿಯಬೇಕು. ಊರಾಚೆಯ ಗುಜರಿಯಲ್ಲಿ ಅದೇ ಮಾದರಿಯ ಇನ್ನೊಂದು ಕಾರು ತುಕ್ಕು ಹಿಡಿದು ಬಿದ್ದಿತ್ತು. ಆಮೇಲಿನ ಯಾವುದೋ ಹಡಗಿನದು. ಅದನ್ನು ತಂದು ಡಾಕ್ಟರ ಕಾರಾಗಿ ಮಾಡಬೇಕು. ಡಾಕ್ಟರ ಕಾರನ್ನು ಗುಜರಿಯಲ್ಲಿ ಸಿಕ್ಕಿದ್ದು ಎನ್ನಬೇಕು. ಅಮ್ಮನಿಗೆ ಕಾರು ಇದ್ದೇ ಇರುತ್ತದೆ. ಹಾಗಾದರೆ ಯಾರಿಗೆ ಏನು ನಷ್ಟ? ಈ ಪ್ರಶ್ನೆಯನ್ನು ಅವನು ಎಷ್ಟು ಸಲ ಕೇಳಿಕೊಂಡನೆಂದರೆ, ಕೊನೆಗೆ ಅದಕ್ಕೆ ಉತ್ತರ ಹುಡುಕುವುದನ್ನೇ ಬಿಟ್ಟ.

ಕಾಗದಪತ್ರದ ಭಯ ಬೇಗ ಕಳೆಯಿತು. ಡಾಕ್ಟರು ಹೋದ ಮೇಲೆ ಅಮ್ಮ ಅದೆಲ್ಲವನ್ನೂ ಅವನ ಕೈಗೇ ಕೊಟ್ಟಿದ್ದರು. ಸಾರಿಗೆ ಕಚೇರಿ ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ಕಡತಗಳನ್ನೆಲ್ಲ ಸುಟ್ಟಿತ್ತು. ಅಲ್ಲದೆ ಆ ಕಂಪನಿಯವರು ಕಾಗದವನ್ನು ನಂಬುವವರಲ್ಲ, ಕಬ್ಬಿಣವನ್ನು ನಂಬುವವರು. ಕಬ್ಬಿಣ ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಡಾಕ್ಟರಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ತಂಗಿಯ ಮನೆಗೆ ಹೋದರು. "ಹುಷಾರಾಗಿ ನೋಡ್ಕೋಪ್ಪ" ಎಂದು ಹೇಳಿ ಹೋದರು. ಶೆಡ್ಡನ್ನೋ ಕಾರನ್ನೋ ತನ್ನನ್ನೋ ಎಂದು ಅವನಿಗೆ ತಿಳಿಯಲಿಲ್ಲ. ಅವರು ಬೀದಿ ತಿರುಗುವ ತನಕ ಕೈ ಮುಗಿದುಕೊಂಡೇ ನಿಂತಿದ್ದ.

ನಂತರದ ದಿನಗಳಲ್ಲಿ ಅವನ ಕೈ ಬಾಳಿನಲ್ಲಿ ಎಂದೂ ಮಾಡದಂಥ ಕೆಲಸ ಮಾಡಿತು. ಗುಜರಿಯ ಕಾರಿನ ಎಂಜಿನ್ನು ಓಡುವಂತೆ ಮಾಡಿ, ಡಾಕ್ಟರ ಕಾರಿನ ನಂಬರ್ ಪ್ಲೇಟು ಹಾಕಿ, ಅದರದೇ ಕೆನೆಬಣ್ಣ ಹೊಡೆದು, ಬಿಸಿಲಿಗೆ ಮಾಸಿದಷ್ಟು ಮಾಸಿಸಿದ. ದವಾಖಾನೆಯ ಗೇಟು ತಾಕಿ ಆದ ತಗ್ಗನ್ನು ಮರದ ಸುತ್ತಿಗೆಯಿಂದ ಅದೇ ಜಾಗದಲ್ಲಿ, ಅದೇ ಆಳಕ್ಕೆ ಮೂಡಿಸಿದ. ಸೀಟುಗಳನ್ನು ಅದಲುಬದಲು ಮಾಡಲಾಗುತ್ತಿರಲಿಲ್ಲ, ಅಸಲಿ ಕಾರಿಗೆ ಅಸಲಿ ಸೀಟೇ ಬೇಕು. ಆದ್ದರಿಂದ ಹಳೆಯ ರೆಕ್ಸಿನ್ನು ಹುಡುಕಿ ತಂದು, ಅಮ್ಮ ಕೂರುವ ಜಾಗದಲ್ಲಿ ಕೂತು ಕೂತು ಸವೆದಂತೆ ಉಜ್ಜಿದ. ಕೊನೆಗೆ ಉಳಿದದ್ದು ವಾಸನೆ. ಡಾಕ್ಟರ ಕಾರು ಯಾವಾಗಲೂ ಲವಂಗದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಒಂದು ಸೀಸೆ ತಂದು ಹತ್ತಿಯಲ್ಲಿ ಅದ್ದಿ ಸೀಟಿನ ಸಂದುಗಳಿಗೆ ಸವರಿದ.

ಸವರುತ್ತ ಸವರುತ್ತ ಕೈ ನಿಂತಿತು. ಹಿಂದೊಮ್ಮೆ ಅವನ ಮಗಳು ಹಲ್ಲುನೋವಿಗೆ ಒದ್ದಾಡುತ್ತಿದ್ದಾಗ ಡಾಕ್ಟರು ಇದೇ ಎಣ್ಣೆ ಹತ್ತಿಗೆ ಅದ್ದಿ, "ಬಾಯಿ ತೆಗಿ ಪುಟ್ಟಿ, ಆನೆ ಹೋಗುವಷ್ಟು" ಎಂದು ನಗಿಸುತ್ತ ಹಚ್ಚಿದ್ದರು. ಜಪಾನಪ್ಪ ಹೊರಗೆ ಬಂದು ನಲ್ಲಿಯ ಕೆಳಗೆ ಕೈ ತೊಳೆದ. ಮತ್ತೆ ತೊಳೆದ. ವಾಸನೆ ಹೋಗಲಿಲ್ಲ.

ಊಟಕ್ಕೆ ಕೂತಾಗ ಹೆಂಡತಿ ಮೂಗರಳಿಸಿದಳು. "ಏನ್ರೀ ಇದು, ಹಲ್ಲುನೋವಾ?"

"ಇಲ್ಲ."

"ಮತ್ತೆ ಯಾಕೆ ತುತ್ತು ಗಂಟಲಲ್ಲಿ ಇಳೀತಿಲ್ಲ?"

"ಕೆಲಸ ಜಾಸ್ತಿ ಕಣೇ."

ಅವಳು ಮುಖ ನೋಡಿದಳು, ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ.

ಆಮೇಲೆ ಅಸಲಿ ಕಾರಿನ ಕೆನೆಬಣ್ಣ ಕೆರೆದ. ಒಳಗಿನಿಂದ ಫ್ಯಾಕ್ಟರಿಯ ಆಕಾಶನೀಲಿ ಇಣುಕಿತು. ಅದೇ ನೀಲಿಯನ್ನು ಮತ್ತೆ ಹೊಡೆದು, ತಗ್ಗನ್ನು ತಟ್ಟಿ ನೆಟ್ಟಗೆ ಮಾಡಿ, ಲವಂಗದ ವಾಸನೆ ಹೋಗುವ ತನಕ ಒಳಗೆಲ್ಲ ಸೋಪಿನ ನೀರಿನಲ್ಲಿ ಉಜ್ಜಿದ. ಕೆಲಸ ಮುಗಿದಾಗ ಶೆಡ್ಡಿನಲ್ಲಿ ಎರಡು ಕಾರು ನಿಂತಿದ್ದವು. ಅಪ್ಪ ಅಮ್ಮ ಬಂದರೂ ಯಾವುದು ಯಾರ ಮಗು ಎಂದು ಹೇಳುವಂತಿರಲಿಲ್ಲ. ನೀಲಿಯದನ್ನು ಊರಾಚೆ ಸಾಗಿಸಿಟ್ಟು, ಗುಜರಿಯಲ್ಲಿ ಸಿಕ್ಕಿತೆಂದು ಕಂಪನಿಗೆ ಬರೆದ.

ಡಾಕ್ಟರಮ್ಮ ಹೊಸ ಕಣ್ಣಿನೊಂದಿಗೆ ವಾಪಸು ಬಂದರು.  ಮಸುಕುಗಣ್ಣಿನವರನ್ನು ಏಮಾರಿಸಲು ಹೊರಟವನಿಗೆ ಈಗ ಹದ್ದಿನ ಕಣ್ಣಿನವರು ಎದುರಾದಂತಾಗಿತ್ತು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದು ಹಿಡಿದ. ಅವರು ಒಳಗೆ ಕೂತು, ಸೀಟಿನ ಮೇಲೆ ಕೈಯಾಡಿಸಿದರು. ಕಾರು ಬೀದಿಗಿಳಿಯಿತು. ಅಂಚೆ ಕಚೇರಿ ದಾಟಿತು, ಶಾಲೆ ದಾಟಿತು. 

"ಯಾಕೋ ಕಾರು ಬೇರೆ ಥರ ಅನ್ನಿಸ್ತದಪ್ಪ" ಎಂದರು ಕೊನೆಗೆ.

ಕುಂಬಳಕಾಯಿ ಕಳ್ಳನಂತೆ ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. "ಬೇರೆ ಅಂದ್ರೆ, ಅಮ್ಮ?"

"ಬಣ್ಣ ಇಷ್ಟು ಚೆನ್ನಾಗಿತ್ತು ಅಂತ ಗೊತ್ತೇ ಇರ್ಲಿಲ್ಲ ನೋಡು. ಹೊಸ ಕಣ್ಣಲ್ವಾ, ಎಲ್ಲಾ ಬೇರೆ ಥರಾನೇ ಕಾಣ್ತದೆ. ನಿನ್ನ ತಲೆ ಇಷ್ಟು ನರೆತಿದೆ ಅಂತಾನೂ ಗೊತ್ತಿರ್ಲಿಲ್ಲ." ಅವರು ನಕ್ಕರು. ಇಳಿಯುವಾಗ ಭುಜ ತಟ್ಟಿ, "ನೀನಿಲ್ದಿದ್ರೆ ಇದು ಎಂದೋ ಗುಜರಿಗೆ ಹೋಗ್ತಿತ್ತು" ಎಂದರು.

ಅವನು ನೆಲ ನೋಡಿಕೊಂಡು ತಲೆಯಾಡಿಸಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನೀಲಿ ಕಾರಿನ ತಪಾಸಣೆಗೆ ಜಪಾನಿನಿಂದಲೇ ಒಬ್ಬ ಹಿರಿಯರು ಬಂದರು. ಬಿಳಿ ಗವಸು, ಜೊತೆಗೊಬ್ಬಳು ದುಭಾಷಿ. ಕಾರಿನ ಕೆಳಗೆ ಮಲಗಿದರು, ಮ್ಯಾಟು ಎತ್ತಿ ನಂಬರನ್ನು ಬೆರಳಿನಿಂದ ತಡವಿದರು, ಬಾನೆಟ್ಟಿಗೆ ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿದರು. ಎದ್ದು ನಿಂತು ಜಪಾನಪ್ಪನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಇಂಥ ಕಾರನ್ನ ಇಷ್ಟು ವರ್ಷ ಉಳಿಸಿದೋರು ನಮ್ಮ ಕಂಪನಿಯ ಹೆಸರನ್ನೂ ಉಳಿಸಿದಾರೆ ಅಂತ ಹೇಳ್ತಿದಾರೆ" ಎಂದಳು ದುಭಾಷಿ.

ತನ್ನ ಕತೆಯಲ್ಲಿ ಬರುವ ಆ ಹಿರಿಯಣ್ಣನೇ ಎದುರು ತಲೆಬಾಗಿದಂತಾಗಿ ಜಪಾನಪ್ಪನ ಕಣ್ಣು ತುಂಬಿತು. ತಪ್ಪಿಲ್ಲದೆ ತಲೆಬಾಗಿದವರ ಮುಂದೆ ತಪ್ಪು ಮಾಡಿದವನು ನೆಟ್ಟಗೆ ನಿಂತಿದ್ದ. ಆಗಲಾದರೂ ಹೇಳಬಹುದಿತ್ತು. ಹೇಳುವ ಬದಲು ಬಾನೆಟ್ಟಿನ ಮೇಲಿನ ಧೂಳು ಒರೆಸಿದ.

ಸಮಾರಂಭ ಅದೇ ಗಾಜಿನ ಷೋರೂಮಿನಲ್ಲಿ. ಅಂದು ಮನೆಗೆ ಕಳಿಸಿದ್ದ ಮ್ಯಾನೇಜರೇ ಕುರ್ಚಿ ಎಳೆದು ಕೂರಿಸಿದ. "ನಮ್ಮ ಯಜಮಾನ್ರು" ಎಂದು ಬಂದವರಿಗೆಲ್ಲ ಪರಿಚಯಿಸಿದ. ಪತ್ರಿಕೆಯವರು ಕ್ಯಾಮೆರಾ ಹಿಡಿದು ನಿಂತಿದ್ದರು. ಹಿತ್ತಾಳೆಯ ಫಲಕ ಆಗಲೇ ಬಂದಿತ್ತು; ಎಲ್ಲರೂ ಮರೆತಿದ್ದ ಅವನ ನಿಜವಾದ ಹೆಸರು ಅದರ ಮೇಲೆ ಮಿರಿಮಿರಿ ಹೊಳೆಯುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಹೆಸರಿನಂತೆ ಓದಿದ.

ಆಗ ಗಾಜಿನ ಬಾಗಿಲು ತಳ್ಳಿಕೊಂಡು ಡಾಕ್ಟರಮ್ಮ ಬಂದರು. ಅವನು ಕರೆದಿರಲಿಲ್ಲ. ಕರೆಯದಿರಲು ಎಷ್ಟೋ ನೆಪ ಹುಡುಕಿಟ್ಟಿದ್ದ. ಅವರು ಮಾತ್ರ ಊರುಗೋಲು ಊರುತ್ತ ನೇರವಾಗಿ ಅವನ ಬಳಿಗೇ ಬಂದರು.

"ಪೇಪರಲ್ಲಿ ನಿನ್ನ ಫೋಟೋ ನೋಡ್ದೆ. ನನಗೆ ಒಂದು ಮಾತು ಹೇಳ್ಬಾರ್ದಾ? ಅವರಿದ್ದಿದ್ರೆ ಬೀದಿಯೋರಿಗೆಲ್ಲ ಸಿಹಿ ಹಂಚ್ತಿದ್ರು."

"ಅಮ್ಮ, ನೀವ್ಯಾಕೆ ತೊಂದ್ರೆ ತಗೊಂಡ್ರಿ..."

"ತೊಂದ್ರೆ ಏನು ಬಂತು, ನಮ್ಮನೆ ಹುಡುಗನ ಮರ್ಯಾದೆ." ಅವರು ನೀಲಿ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಜಪಾನಪ್ಪ ಉಸಿರು ಹಿಡಿದು ಅವರ ಹೊಸ ಕಣ್ಣುಗಳನ್ನೇ ನೋಡುತ್ತಿದ್ದ. "ನಮ್ಮದರ ಅಕ್ಕನೋ ತಂಗಿನೋ ಇದ್ದಂಗಿದೆ. ಬಣ್ಣ ಒಂದು ಬೇರೆ" ಎಂದು ಅವರು ನಕ್ಕಾಗ, ಹಿಡಿದ ಉಸಿರು ಬಿಟ್ಟ. ಗೆದ್ದೆ ಎಂದುಕೊಂಡ. 

ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಕೈಚೀಲಕ್ಕೆ ಕೈ ಹಾಕಿದರು. "ಕಾರೆಲ್ಲ ಸರಿಯಾಗಿದೆ, ಕಂಪನಿಯೋರು ಕೊಟ್ಟ ಎರಡನೇ ಕೀಲಿ ಒಂದಿಲ್ಲ ಅಂತ ಪೇಪರಲ್ಲಿ ಬರ್ದಿದ್ರಲ್ಲ, ಓದಿ ಬೇಜಾರಾಯ್ತು. ನಮ್ಮದರ ಇನ್ನೊಂದು ಕೀಲಿ ಅವರ ಇಕ್ಕಳದ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿತ್ತು, ನನಗೇನು ಕೆಲಸ ಅದ್ರಿಂದ? ತಗೋ, ಶೋಗೆ ಪಕ್ಕದಲ್ಲಿಡು, ಯಾರಿಗೆ ಗೊತ್ತಾಗ್ತದೆ" ಎಂದು ಅವನ ಅಂಗೈಯಲ್ಲಿ ಇಟ್ಟರು. ಬಣ್ಣ, ತಗ್ಗು, ಸೀಟು, ವಾಸನೆ ಎಲ್ಲವನ್ನೂ ಯೋಚಿಸಿದ್ದ ಜಪಾನಪ್ಪನ ಬೆರಳುಗಳು ಮುಚ್ಚಿಕೊಳ್ಳುವ ಮೊದಲೇ ಬಿಳಿ ಗವಸಿನ ಹಿರಿಯರು ಅದನ್ನು ಕಂಡು, ಸಂತೋಷದಿಂದ ಕೂಗಿ, ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ನೀಲಿ ಕಾರಿನ ಬಾಗಿಲಿಗೆ ಹಾಕಿ ತಿರುಗಿಸಿದರು. ಕೀಲಿ ಬೆಣ್ಣೆಯಲ್ಲಿ ಇಳಿದಂತೆ ತಿರುಗಿತು, ಕ್ಲಿಕ್ ಎಂದು ಬಾಗಿಲು ತೆರೆದುಕೊಂಡಿತು, ಕ್ಯಾಮೆರಾಗಳು ಮಿಂಚಿದವು. "ಅಮ್ಮ, ಈ ಕಾರಿನ ಕೀಲಿ ನಿಮಗೆ ಎಲ್ಲಿ ಸಿಕ್ತು ಅಂತ ಕೇಳ್ತಿದಾರೆ" ಎಂದಳು ದುಭಾಷಿ. ಷೋರೂಮಿನವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಡಾಕ್ಟರಮ್ಮ ಒಬ್ಬರೇ ತಟ್ಟದೆ, ತೆರೆದ ಬಾಗಿಲನ್ನು ಒಮ್ಮೆ ನೋಡಿ, ನಿಧಾನವಾಗಿ ಜಪಾನಪ್ಪನ ಕಡೆ ತಿರುಗಿದರು.