ಆದೆಮ್ಮನ ಅರ್ಧ ಹಾರ್ಮೋನಿಯಂ

“ಒತ್ತು, ಇನ್ನೊಂದ್ಸಲ ಒತ್ತು,” ಎಂದರು ಜಿಲಾನಿ ಪಾಷಾ.

ಆದೆಮ್ಮ ಒತ್ತಿದಳು. ಅಜ್ಜನ ಹಳೇ ಹಾರ್ಮೋನಿಯಂನಿಂದ ಸುಯ್ ಎಂದು ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಪಕ್ಕದ ಪಟ್ಟಿ ಒತ್ತಿದಳು. ಅದೂ ಸುಯ್. ಬಲಗಡೆಯವೆಲ್ಲ ಹಾಗೇ. ಎಡಗಡೆಯ ಪಟ್ಟಿಗಳು ಮಾತ್ರ ಗೂಂ ಎಂದು ದಪ್ಪ ದನಿ ತೆಗೆದವು.

“ಬಲಗಡಿ ಒಳಗಿನ ತೊಗಲೆಲ್ಲ ಇಲಿ ತಿಂದಾವ. ನಮ್ಮ ರಾಯಚೂರಿನ ಇಲಿಗೂ ಸಂಗೀತದ ಹುಚ್ಚು, ಬೇಟಿ! ದನಿ ಕೊಡೋ ಹಿತ್ತಾಳಿ ಪತ್ತಿಗೂ ಕಿಲುಬು ಹತ್ತೇದ. ಸಾಮಾನು ಹೈದರಾಬಾದಿನಿಂದ ಬರಬೇಕು. ಒಂದು ತಿಂಗಳು.”

ಆದೆಮ್ಮನ ಮುಖ ಸಣ್ಣದಾಯಿತು. ಶ್ರಾವಣದ ಕೊನೇ ಸೋಮವಾರಕ್ಕೆ ಉಳಿದದ್ದು ಮೂರೇ ವಾರ.

ಅವಳ ಅಜ್ಜಿ ತಿಮ್ಮವ್ವ ಶ್ರಾವಣದ ಸೋಮವಾರಗಳಂದು ಓಣಿಯ ಗುಡಿಯಲ್ಲಿ ಪದ ಹಾಡುತ್ತಿದ್ದಳು. ಅಜ್ಜ ಇರುವಷ್ಟು ದಿನ ಅವನೇ ಹಾರ್ಮೋನಿಯಂ ಹಿಡಿಯುತ್ತಿದ್ದ. ಅವನು ಹೋದ ಮೇಲೆ ಅಜ್ಜಿ ಎರಡು ವರ್ಷ ಗುಡಿಯಲ್ಲಿ ಹಾಡಲಿಲ್ಲ. ಹೋದ ಸೋಮವಾರ ಎಲ್ಲರೂ ಕಾಡಿಬೇಡಿ ಕೂರಿಸಿದರು. ಎದುರುಮನೆಯ ವೆಂಕೋಬ ತನ್ನ ಮೇಷ್ಟ್ರ ಹಾರ್ಮೋನಿಯಂ ತಂದಿದ್ದ. ಅಜ್ಜಿಯ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದ. ಆದರೆ ಅಜ್ಜಿ ಒಂದು ಸಾಲನ್ನು ಮೂರು ಸಲ ಹಾಡಿದಳು, ಇನ್ನೊಂದನ್ನು ಬಿಟ್ಟೇಬಿಟ್ಟಳು. ವೆಂಕೋಬನ ಬೆರಳು ಒಂದು ಕಡೆ, ಅಜ್ಜಿಯ ದನಿ ಒಂದು ಕಡೆ. ಯಾರೋ ಕಿಸಕ್ಕೆಂದು ನಕ್ಕರು.

ಅಜ್ಜಿ ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದಳು. “ನನ್ನ ತಲಿ ಸರಿ ಉಳದಿಲ್ಲ. ಪದ ಮರಿಯಾಕತ್ತೀನಿ. ಇನ್ನ ಹಾಡಂಗಿಲ್ಲ,” ಎಂದಳು.

ಅವತ್ತಿನಿಂದ ರೊಟ್ಟಿ ಬಡಿಯುವಾಗಲೂ ಅಜ್ಜಿ ಗುನುಗಲಿಲ್ಲ. ಆದೆಮ್ಮನಿಗೆ ಅದೇ ಸಂಕಟ. ತಾನೇ ನುಡಿಸಿ ಅಜ್ಜಿಯನ್ನು ಹಾಡಿಸಬೇಕೆಂದು ಅವಳು ಹಾರ್ಮೋನಿಯಂ ಹೊತ್ತು ಜಿಲಾನಿ ಪಾಷಾ ಅವರ ಅಂಗಡಿಗೆ ಬಂದಿದ್ದಳು.

ಅವರು ಹಗಲು ಅಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಸಂಜೆ ಓಣಿ ಗುಡಿಸುವಷ್ಟು ಅಗಲದ ಬೆಲ್‌ಬಾಟಂ ಹಾಕಿಕೊಂಡು ಆರ್ಕೆಸ್ಟ್ರಾಕ್ಕೆ ಹೊರಡುತ್ತಿದ್ದರು. ಅವರದು ನಾಲ್ಕೇ ತಂತಿಯ ಬೇಸ್ ಗಿಟಾರ್.

“ಅಳಬ್ಯಾಡ. ದಪ್ಪ ಸ್ವರ ಅದಾವಲ್ಲ? ನಾ ಹದಿನೈದು ವರ್ಷದಿಂದ ಅವನ್ನೇ ನುಡಿಸೀನಿ. ಕೊನೇ ಸೋಮವಾರದತನಕ ನಿನಗ ನಡಿಯೋದು ಕಲಸ್ತೀನಿ.”

“ನಡಿಯೋದು ನನಗ ಬರ್ತದ ಚಾಚಾ!”

“ಕಾಲಿಂದಲ್ಲ ಬೇಟಿ, ಬೆರಳಿಂದ.”

ಚಾಚಾ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು ಧುಂ, ಧುಂ, ಧುಂ, ಧುಂ ಎಂದು ನುಡಿಸಿದರು. “ತಾಳಕ್ಕೊಂದು ಹೆಜ್ಜಿ, ಹೆಜ್ಜಿಗೊಂದು ಸ್ವರ. ‘ಸಾ’ದಿಂದ ‘ಪಾ’ಕ್ಕ ಹೋಗಬೇಕಂದ್ರ ಜಿಗಿಬ್ಯಾಡ. ನಡಕೋತ ಹೋಗು. ಹಾಡು ಮುಂದ ಎಲ್ಲಿ ಇಳೀತದಂತ ಕಿವಿ ಮೊದ್ಲೇ ಹೇಳಬೇಕು. ಅದರ ಬಾಜೂಕಿನ ಸ್ವರದ ಮ್ಯಾಲ ಕಾಲಿಟ್ಟು ನಿಂತಿರು.”

ದಿನಾ ಶಾಲೆ ಬಿಟ್ಟ ಮೇಲೆ ಇದೇ ಪಾಠ. ಚಾಚಾ ರೇಡಿಯೊ ತಿರುಗಿಸುವರು. ಒಮ್ಮೆ ಸಿನೆಮಾ ಹಾಡು, ಒಮ್ಮೆ ಕವ್ವಾಲಿ, ಒಮ್ಮೆ ಯಾವುದೋ ಇಂಗ್ಲಿಷ್ ಹಾಡು. ಆದೆಮ್ಮ ಅದರ ಕೆಳಗೆ ದಪ್ಪ ಸ್ವರದಲ್ಲಿ ನಡೆಯಬೇಕು. ಮೊದಲ ವಾರ ಬರೀ ಎಡವಿದಳು. ಎರಡನೇ ವಾರ ಸಿಟ್ಟು ಬಂತು.

“ನಮ್ಮ ಅಜ್ಜಿದು ಇವು ಯಾವ್ದೂ ಅಲ್ಲ! ಆಕಿ ಪದ ಕಲಸ್ರಿ ಅಂದ್ರ...”

“ವೆಂಕೋಬ ಪದ ಕಲ್ತಿದ್ನಲ್ಲ, ಏನಾತು?”

ಆದೆಮ್ಮ ಮತ್ತೆ ತಿದಿಗೆ ಕೈ ಹಾಕಿದಳು. ಚಾಚಾ ನಕ್ಕು ರೇಡಿಯೊ ದನಿ ಏರಿಸಿದರು. ಮೂರನೇ ವಾರ ಅವಳ ಬೆರಳು ಎಡವುವುದು ಕಡಿಮೆಯಾಯಿತು.

ಕೊನೇ ಸೋಮವಾರ ಸಂಜೆ ಚಾಚಾ ಹಾರ್ಮೋನಿಯಂ ಅನ್ನು ಸೈಕಲ್ಲಿಗೆ ಕಟ್ಟಿಕೊಂಡು ಮುಂದೆ ಹೋದರು. “ಕೇಳಾಕಷ್ಟೇ ಬರ್ತೀನಿ,” ಎಂದು ಹೊರಟ ಅಜ್ಜಿ ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತಳು. ಗಡಿಗೆಪ್ಪನ ಎಮ್ಮೆ ಕರು ಹಾಕಿತೇ ಎಂದು ವಿಚಾರಿಸಲು ಒಂದು ಕಡೆ, ಇಮಾಮ್ ಬೀಯ ಮೊಮ್ಮಗನನ್ನು ಎತ್ತಿಕೊಳ್ಳಲು ಇನ್ನೊಂದು ಕಡೆ. ಆದೆಮ್ಮ ಸೆರಗು ಜಗ್ಗಿದಳು. “ಲಗೂನ ಬಾರಬೇ!”

ಗುಡಿಯಲ್ಲಿ ಜನ ಕೂತಿದ್ದರು. ವೆಂಕೋಬನೂ ಇದ್ದ. “ಅರ್ಧ ಪೇಟಿನ್ಯಾಗ ಏನ್ ನುಡಸ್ತೀ?” ಎಂದು ಕೇಳಿದ. ಆದೆಮ್ಮ ಅದರ ಮುಂದೆ ಕೂತಳು, ತಿದಿ ಒತ್ತಿದಳು. ಗೂಂ, ಗೂಂ, ಗೂಂ, ಗೂಂ.

ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಅಷ್ಟು ಹೊತ್ತು ತೊಡೆಯ ಮೇಲೆ ಸುಮ್ಮನಿದ್ದ ಅವಳ ಬೆರಳು ತಾಳ ಹಾಕತೊಡಗಿತು. ಆಮೇಲೆ, ಯಾರೂ ಕರೆಯದೆಯೇ, ದನಿ ಎದ್ದಿತು.

“ಯಾವ ಊರಿಗೆ ಹೊಂಟೀ ತಂಗೀ, ಯಾವ ದಾರೀಲೆ...”

ಮೊದಲ ನುಡಿ ಸರಾಗ ಮುಗಿಯಿತು. ಆಮೇಲೆ ಅಜ್ಜಿ ಹೊರಳಿದಳು. ಅದೇ ಸಾಲನ್ನು ಇನ್ನೊಮ್ಮೆ ಎತ್ತಿದಳು, ಎಳೆದಳು, ಎರಡನೇ ನುಡಿ ಹಾರಿಸಿ ಮೂರನೆಯದಕ್ಕೆ ಹೋದಳು. ವೆಂಕೋಬ ಕತ್ತು ಮುಂದೆ ಚಾಚಿದ. ಆದೆಮ್ಮನ ಬೆರಳು ಒಂದು ಸಲ ತಡವರಿಸಿತು.

ಅವಳು ಅಜ್ಜಿಯ ದನಿಗೆ ಕಿವಿ ಕೊಟ್ಟಳು. ದನಿ ಮೇಲೆ ಮೇಲೆ ಹೋಗುತ್ತಿತ್ತು, ಆದರೆ ಸ್ವಲ್ಪ ದಣಿದಿತ್ತು. ಈಗ ಇಳೀತದ, ಅನ್ನಿಸಿತು. ಆದೆಮ್ಮ ಒಂದೊಂದೇ ಹೆಜ್ಜೆ ಕೆಳಗೆ ನಡೆದು ಬಂದಳು. ಅವಳ ಬೆರಳು ಸಾ ಮುಟ್ಟಿತು. ಅಜ್ಜಿಯೂ ಅಲ್ಲೇ ಬಂದು ಇಳಿದಳು.

ಅಜ್ಜಿ ಕಣ್ಣು ತೆರೆದು ಮೊಮ್ಮಗಳನ್ನು ನೋಡಿದಳು. ಆಮೇಲೆ ಅಜ್ಜಿಯನ್ನು ಹಿಡಿಯುವವರೇ ಇರಲಿಲ್ಲ. ಒಂದಲ್ಲ, ನಾಲ್ಕು ಪದ ಹಾಡಿದಳು. ಗುಡಿಯ ಕಂಬಕ್ಕೆ ಒರಗಿ ನಿಂತಿದ್ದ ಚಾಚಾ ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡರು.

ಮನೆಗೆ ಮರಳುವಾಗ ಅಜ್ಜಿ ಮೆಲ್ಲಗೆ ಕೇಳಿದಳು. “ಖರೇ ಹೇಳು. ನಾ ಇವತ್ತೂ ತಪ್ಪಿದ್ನಿಲ್ಲೋ?”

“ಇಲ್ಲಬೇ.”

“ಎರಡನೇ ನುಡಿ ಬಿಟ್ಟು ಮೂರನೇದಕ್ಕ ಹೋದ್ನೆಲ್ಲ?”

“ಹೋದಿ. ನಾನೂ ಬಂದ್ನೆಲ್ಲ.”

ಅಜ್ಜಿ ಆದೆಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗಡಿಗೆಪ್ಪನ ಮನೆಯ ಮುಂದೆ ಅಜ್ಜಿ ಮತ್ತೆ ನಿಂತಳು. ಎಮ್ಮೆ ಆಗತಾನೇ ಕರು ಹಾಕಿತ್ತು. ಈ ಸಲ ಆದೆಮ್ಮ ಸೆರಗು ಜಗ್ಗಲಿಲ್ಲ. ಅಜ್ಜಿ ಎಲ್ಲಿ ನಿಂತರೂ, ಎಲ್ಲಿ ಹೊರಳಿದರೂ ಕೊನೆಗೆ ಮನೆಗೇ ಬರುತ್ತಾಳೆಂದು ಅವಳಿಗೆ ಗೊತ್ತಿತ್ತು. ಅವಳ ಪಕ್ಕದಲ್ಲೇ ನಿಂತು ಕರುವನ್ನು ನೋಡಿದಳು.