ಒಳಮೈಯ ನುಣುಪು

"ಚಪ್ಪಲಿ ರಿಪೇರಿ ಇಲ್ಲಿ ಮಾಡಲ್ಲಮ್ಮ, ಸಂತೆಬೀದಿಗೆ ಓಗಿ," ಎಂದ ಪಿಳ್ಳಣ್ಣ, ತಲೆಯೆತ್ತದೆ.

"ನನ್ ಕಾಲಾಗೆ ಚಪ್ಪಲೀನೇ ಇಲ್ಲ. ಏನ್ ರಿಪೇರಿ ಮಾಡಿಸ್ಲಿ?"

ಆಗ ತಲೆಯೆತ್ತಿದ. ಬಾಗಿಲಲ್ಲಿ ನಿಂತವಳ ಕಾಲು ಬರಿದಾಗಿತ್ತು, ಕಣ್ಣಲ್ಲಿ ನಗುವಿತ್ತು. ಅಲ್ಲಾಳಸಂದ್ರದ ನಾರಾಯಣಮ್ಮ ಕೆಲಸ ಕೇಳಿಕೊಂಡು ಬಂದಿದ್ದಳು. ಅವಳ ಗಂಡ ಮುನಿಶಾಮಪ್ಪ ಸೇಲಂ ಕಡೆ ಕಲ್ಲುಕ್ವಾರಿಗೆ ಹೋದವನದು ವರ್ಷಗಳಿಂದ ಸುದ್ದಿಯಿರಲಿಲ್ಲ. ಸತ್ತಿರಬೇಕೆಂದೇ ಕೇರಿ ತೀರ್ಮಾನಿಸಿತ್ತು.

ಅದು ಐವತ್ತೆಂಟನೇ ಇಸವಿ. ಯಲಹಂಕದ ಹಳೇ ಊರಿನ ಶೆಡ್ಡಿನಲ್ಲಿ ಪಿಳ್ಳಣ್ಣ ಒಬ್ಬನೇ ಬೆಲ್ಟು, ಬ್ಯಾಗಿನ ಪಟ್ಟಿ ಹೊಲಿಯುತ್ತಿದ್ದ. ಜಾಲಹಳ್ಳಿ ಫ್ಯಾಕ್ಟರಿಯವರು ಬೆಲ್ಟು ಕೊಳ್ಳಲು ಬರತೊಡಗಿದ ಮೇಲೆ ಕೆಲಸ ಒಬ್ಬನ ಕೈಮೀರಿತ್ತು.

ಅವಳನ್ನು ಕೆಲಸಕ್ಕಿಟ್ಟುಕೊಂಡು ಅವನೇ ಕಲಿಸಿಕೊಟ್ಟ. ಚರ್ಮದ ಅಂಚಿಗೆ ನೀರು ಸವರಿ, ಜೇನುಮೇಣ ಹಚ್ಚಿ, ಮರದ ಕಡ್ಡಿಯಿಂದ ಕಾವೇರುವಂತೆ ಉಜ್ಜಬೇಕು. ಒರಟಾದ ಒಳಮೈಗೆ ಹುಣಸೆಬೀಜದ ಗಂಜಿ ಬಳಿದು, ಎಳೆಗಳೆಲ್ಲ ಮಲಗುವವರೆಗೆ ಗಾಜಿನ ಸೀಸೆಯಿಂದ ತಿಕ್ಕಬೇಕು.

"ಒಳಗಡೆ ಯಾರ್ ನೋಡ್ತಾರ್ರೀ?"

"ಯಾರೂ ನೋಡಲ್ಲ. ಮೈಗೆ ತಾಕೋದು ಅದೇ ಅಲ್ವಾ?"

ಅವಳು ಬಳೆಗಳನ್ನು ಮೊಣಕೈವರೆಗೆ ಏರಿಸಿ ಉಜ್ಜುವಳು. ಹಣೆಯ ಮೇಲೆ ಕೂದಲು ಜಾರುವುದು. ಕೈಗೆ ಮೇಣ ಮೆತ್ತಿದ್ದರಿಂದ ತುಟಿ ಓರೆ ಮಾಡಿ ಊದಿಕೊಳ್ಳುವಳು. ಪಿಳ್ಳಣ್ಣನ ಸೂಜಿ ಅಲ್ಲೇ ನಿಲ್ಲುವುದು.

"ಏನ್ ನೋಡ್ತಿದ್ದೀರಾ?"

"ಅಂಚು ಒಳೀತಾ ಅಂತ."

"ಅಂಚು ನನ್ ಮುಖದಾಗೈತಾ?"

ಒಂದು ಸಂಜೆ, ಚರ್ಮದ ತುಂಡುಗಳನ್ನು ಗುಡಿಸುತ್ತಿದ್ದವಳನ್ನು ಅವನು ಕೇಳಿದ. "ಇಷ್ಟ್ ದಿನದಾಗೆ ಒಂದ್ ಸಲಾನೂ ನೀನು ನನ್ ಹೆಸರಿಡಿದು ಕರೆದಿಲ್ಲ. ಯಾಕೆ?"

ಪೊರಕೆ ನಿಂತಿತು.

"ಅದ್ರಾಗೆ ಅಣ್ಣ ಅಂತ ಐತಲ್ಲ," ಎಂದಳು.

ಅವನ ಕಿವಿಯವರೆಗೆ ಬಿಸಿಯೇರಿತು. ಅವರ ಕೇರಿಗಳಲ್ಲಿ ಗಂಡನಿಲ್ಲದವಳಿಗೆ ಹಿರಿಯರೆದುರು ಸೀರೆ ಉಡಿಸಿದರೆ ಮದುವೆಯಾದಂತೆಯೇ. ಯುಗಾದಿ ಕಳೆದ ಮೇಲೆ ಎಂದು ಮಾತಾಯಿತು. ಪಿಳ್ಳಣ್ಣ ಚಿಕ್ಕಪೇಟೆಗೆ ಹೋಗಿ ಕುಂಕುಮ ಬಣ್ಣದ ಸೀರೆ ತಂದ.

ಯುಗಾದಿಗೆ ಮುಂಚೆಯೇ ಮುನಿಶಾಮಪ್ಪ ಬಂದ. ಬಂಡೆ ಉರುಳಿ ಮೊಣಕಾಲಿನ ಕೆಳಗೆ ಒಂದು ಕಾಲು ಹೋಗಿತ್ತು. ಗೋಣಿಪಟ್ಟಿಯಲ್ಲಿ ಬಿಗಿದ ಮರದ ಕಾಲು, ಅದು ಉಜ್ಜಿ ಉಜ್ಜಿ ಕೀವಾದ ಗಾಯ. ಹೆಂಡತಿಗೆ ಭಾರವಾಗುತ್ತೇನೆಂದು ಇಷ್ಟು ವರ್ಷ ಎಲ್ಲೆಲ್ಲೋ ಇದ್ದನಂತೆ.

ಮರುದಿನ ನಾರಾಯಣಮ್ಮ ಶೆಡ್ಡಿನ ಹೊರಗೇ ನಿಂತಳು.

"ಎರಡು ಕಾಲಾಗೆ ನಡ್ಕೊಂಡ್ ಬಂದಿದ್ರೆ ನಾನು ಬಾಗ್ಲು ತೆಗೀತಿರಲಿಲ್ಲ," ಎಂದಳು. "ಈಗ ಎಂಗೆ ಆಚೆಗೆ ಕಳಿಸ್ಲಿ?"

ಕಳಿಸು ಎನ್ನಲು ಪಿಳ್ಳಣ್ಣನಿಗೆ ಬಾಯಿ ಬರಲಿಲ್ಲ. "ಅಳತೆ ತಗೊಂಬಾ. ಕಾಲಿಗೆ ಚರ್ಮದ ಪಟ್ಟಿ ಒಲಿದು ಕೊಡ್ತೀನಿ," ಎಂದ.

ಶೆಡ್ಡಿನಲ್ಲಿದ್ದುದರಲ್ಲೇ ಮೆತ್ತನೆಯ ಚರ್ಮ ಆರಿಸಿ ಅವನು ಹೊಲಿದ. ಅವಳು ಎದುರಿಗೆ ಕೂತು ಒಳಮೈ ತಿಕ್ಕಿದಳು. ಸಾಕು ಎಂದು ಅವನು ಹೇಳಲಿಲ್ಲ, ಅವಳು ನಿಲ್ಲಿಸಲೂ ಇಲ್ಲ. ಗಂಜಿ ಒಣಗಿ ಚರ್ಮ ಗಾಜಿನಂತಾದ ಮೇಲೂ ಅವಳ ಸೀಸೆ ಓಡುತ್ತಲೇ ಇತ್ತು.

ಗಾಯ ಮಾಯ್ದ ಮೇಲೆ ಮುನಿಶಾಮಪ್ಪ ಕೋಲೂರಿಕೊಂಡು ಶೆಡ್ಡಿಗೆ ಬಂದು ಕೂತ. ನಾರಾಯಣಮ್ಮ ನೀರು ತರಲು ಬಾವಿಗೆ ಹೋದಳು. ಪಿಳ್ಳಣ್ಣ ಮಂಡಿಯೂರಿ ಬಕಲು ಹಾಕುತ್ತಿದ್ದ.

"ಕೇರಿಯಾಗೆ ಯೋಳಿದ್ರು," ಎಂದ ಮುನಿಶಾಮಪ್ಪ ಮೆಲ್ಲಗೆ. "ನಾನು ಬರಬಾರದಾಗಿತ್ತು."

ಪಿಳ್ಳಣ್ಣ ಪಟ್ಟಿಯನ್ನು ಮುಂದಿನ ತೂತಿಗೆ ಎಳೆದ. "ಬಿಗಿ ಆಯ್ತಾ?" ಎಂದು ಕೇಳಿದ.

"ಇಲ್ಲ. ಮೆತ್ತಗೈತೆ."

"ಅಂಗಾದ್ರೆ ಎದ್ದು ನಡೀರಿ, ನೋಡಾನ."

ಬಿಂದಿಗೆ ಹೊತ್ತು ಬಂದ ನಾರಾಯಣಮ್ಮ, ಗಂಡ ಕೋಲಿಲ್ಲದೆ ನಿಂತದ್ದನ್ನು ಕಂಡಳು. ಬಿಂದಿಗೆ ಇಳಿಸಿ ಅವನ ತೋಳು ಹಿಡಿದಳು. ಪಿಳ್ಳಣ್ಣನಿಗೆ, "ಬರ್ತೀನಿ," ಎಂದಳು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಗಂಡ ಹೆಂಡತಿ ನಿಧಾನವಾಗಿ ಅಲ್ಲಾಳಸಂದ್ರದ ದಾರಿ ಹಿಡಿದರು. ಅವಳು ಒಮ್ಮೆ ತಿರುಗಿಯಾಳೆಂದು ಪಿಳ್ಳಣ್ಣ ಬಾಗಿಲಲ್ಲೇ ಕಾದ. ತಿರುಗಿ ನೋಡಿದವನು ಮುನಿಶಾಮಪ್ಪ.